ಮೂಲೆ ಸೇರಿದ ಡಿಸೈನ್ ಮರಳಿ ಬಂದ ಕಥೆ

ಹೋದ ವಾರ ಪುಣೆಯಿಂದ ಒಬ್ಬ ವೀಕ್ಷಕರು ಕೇಳಿದ್ರು: "ಸರ್, ನಾನು ಎರಡು ವರ್ಷ ಕೂತು ಬರೆದ ಡಿಸೈನ್ ಬಿಟ್ಟು ಇನ್ನೊಂದು ಟೀಮಿಂದು ತಗೊಂಡ್ರು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂಗಾಯ್ತಾ?" ನನ್ನ ಕೋಡ್ ಕೂಡ ಒಂದ್ಸಲ ಹೀಗೇ ಮೂಲೆ ಸೇರಿತ್ತು, ಆ ಸಂಕಟ ಗೊತ್ತು. ಉತ್ತರವಾಗಿ ಲಿನಕ್ಸ್ ಗ್ರಾಫಿಕ್ಸ್ ಡ್ರೈವರ್‌ನ ಇತಿಹಾಸ ಹೇಳ್ತೀನಿ.

ಮೊದಲು ಎಕ್ಸ್ ಸರ್ವರ್ ಶುರುವಾಗುವಾಗಲೇ ಗ್ರಾಫಿಕ್ಸ್‌ಗೆ ಮೆಮೊರಿ ಎತ್ತಿಡ್ತಿತ್ತು. ಪರದೆಗಿಷ್ಟು, ಟೆಕ್ಸ್ಚರ್‌ಗಿಷ್ಟು, ಬಳಸಲಿ ಬಿಡಲಿ, ಅದು ಮೀಸಲು. ಆಮೇಲೆ ಕಂಪಿಜ್ ತರಹದ ಡೆಸ್ಕ್‌ಟಾಪ್ ಬಂತು, ಪ್ರತಿ ವಿಂಡೋಗೂ ಬೇರೆ ಬಫರ್ ಬೇಕಾಯ್ತು. ಕೇಳಿದಾಗ ಕೊಟ್ಟು, ಮುಗಿದಾಗ ವಾಪಸ್ ಪಡೆಯೋ ವ್ಯವಸ್ಥೆ ಕರ್ನಲ್ ಒಳಗೇ ಇರಬೇಕಾಯ್ತು.

ಅದಕ್ಕಾಗಿ ಟಂಗ್‌ಸ್ಟನ್ ಗ್ರಾಫಿಕ್ಸ್ ಕಂಪನಿಯ ಥಾಮಸ್ ಹೆಲ್‌ಸ್ಟ್ರಾಮ್ ಮತ್ತು ಜೊತೆಗಾರರು ಟಿಟಿಎಂ ಕಟ್ಟಿದ್ರು. ಕಾರ್ಡಿನ ಸ್ವಂತ ಮೆಮೊರಿಗೂ ಸಿಸ್ಟಂ ಮೆಮೊರಿಗೂ ನಡುವೆ ಬಫರ್ ಸಾಗಿಸೋದು ಅದರ ಕೆಲಸ. ಆದ್ರೆ 2008ರ ಮೇನಲ್ಲಿ ಇಂಟೆಲ್‌ನ ಕೀತ್ ಪ್ಯಾಕರ್ಡ್, ಎರಿಕ್ ಅನ್‌ಹೋಲ್ಟ್ ಬೇರೆ ದಾರಿ ತೋರಿಸಿದ್ರು: ಜೆಮ್. ಅವರ ಚಿಪ್‌ಗೆ ಸ್ವಂತ ಮೆಮೊರಿ ಇರಲಿಲ್ಲ, ಸಿಸ್ಟಂ ಮೆಮೊರಿಯಲ್ಲೇ ಪಾಲು. ಮತ್ತೆ ಈ ಸಾಗಾಟದ ರಗಳೆ ಯಾಕೆ? ಕರ್ನಲ್‌ನಲ್ಲಿ ಆಗಲೇ ಇದ್ದ ಶೇರ್ಡ್ ಮೆಮೊರಿ ವ್ಯವಸ್ಥೆಯಿಂದಲೇ ಪೇಜ್‌ಗಳನ್ನ ತಗೊಂಡ್ರು. ಸ್ವಾಪ್ ಸೌಲಭ್ಯವೂ ಅದರ ಜೊತೆಗೇ ಸಿಕ್ತು. 2008ರ ಡಿಸೆಂಬರ್‌ನಲ್ಲಿ ಬಂದ 2.6.28 ಕರ್ನಲ್‌ನಲ್ಲಿ ಜೆಮ್ ಇತ್ತು. ಟಿಟಿಎಂ ಹೊರಗೇ ಉಳೀತು.

ಜೆಮ್ ಬಂದ ಮಾತ್ರಕ್ಕೆ ಪೋಲು ನಿಲ್ಲಲಿಲ್ಲ. ಹೊಸ ಬಫರ್ ಕೊಡೋದು ದುಬಾರಿ: ಇನ್ನೊಬ್ಬರ ಡೇಟಾ ಕಾಣದಂತೆ ಪೇಜ್‌ಗಳಿಗೆ ಸೊನ್ನೆ ತುಂಬಬೇಕು, ಸಿಪಿಯು ಕ್ಯಾಶ್ ಫ್ಲಶ್ ಮಾಡಬೇಕು. ಅದಕ್ಕೇ ಇಂಟೆಲ್‌ನ ಲಿಬ್‌ಡಿಆರ್‌ಎಂ ಕೋಡ್, ಬಳಸಿ ಬಿಟ್ಟ ಬಫರ್‌ಗಳನ್ನ ಅಳತೆ ಪ್ರಕಾರ ಎತ್ತಿಟ್ಟು ಮತ್ತೆ ಕೊಡ್ತಿತ್ತು, ಅಡುಗೆಮನೆಯ ಡಬ್ಬಿಗಳಂತೆ. ಮೊದಲು ಪ್ರತಿ ಡಬ್ಬಿ ಹಿಂದಿನದರ ಎರಡರಷ್ಟು. 36 ಕೆಬಿ ಕೇಳಿದ್ರೆ 64ರ ಡಬ್ಬಿ. 28 ಕೆಬಿ ದಂಡ! ಆಮೇಲೆ ಪ್ರತಿ ಎರಡು ಡಬ್ಬಿ ನಡುವೆ ಇನ್ನೂ ಮೂರು ಅಳತೆ ಸೇರಿಸಿದ್ರು: 32 ಮತ್ತು 64ರ ಮಧ್ಯೆ 40, 48, 56. ಈಗ 36ಕ್ಕೆ 40 ಸಾಕು, ಪೋಲು ಬರೀ 4. ಜೊತೆಗೆ, ಮೆಮೊರಿ ಬಿಗಿಯಾದಾಗ ಖಾಲಿ ಡಬ್ಬಿಗಳನ್ನ ಕರ್ನಲ್ ಕಿತ್ತುಕೊಳ್ಳೋ ಹಾಗೂ ಮಾಡಿದ್ರು.

ಇನ್ನು ಟಿಟಿಎಂ? ಎಎಂಡಿಯ ರೇಡಿಯಾನ್ ಕಾರ್ಡ್‌ಗಳಿಗೆ ಸ್ವಂತ ಮೆಮೊರಿ ಇದೆ, ಅಲ್ಲಿ ಸಾಗಾಟ ಬೇಕೇ ಬೇಕು. 2009ರ ಸೆಪ್ಟೆಂಬರ್‌ನ 2.6.31ರಲ್ಲಿ ಟಿಟಿಎಂ ಕರ್ನಲ್ ಒಳಗೆ ಬಂತು. ಹೊರಗಿನ ಬಾಗಿಲು ಜೆಮ್‌ದು, ಒಳಗಿನ ದುಡಿಮೆ ಟಿಟಿಎಂದು.

2021ರಲ್ಲಿ ಇನ್ನೊಂದು ತಿರುವು. ಸ್ವಂತ ಮೆಮೊರಿ ಇರೋ ಕಾರ್ಡ್‌ಗಳಿಗಾಗಿ ಇಂಟೆಲ್ ತನ್ನ ಡ್ರೈವರ್‌ಗೂ ಟಿಟಿಎಂ ತಗೊಂಡಿತು. ಆ ಪ್ಯಾಚ್ ಬರೆದವರಲ್ಲಿ ಹೆಲ್‌ಸ್ಟ್ರಾಮ್ ಕೂಡ ಇದ್ರು, ಇಂಟೆಲ್ ಉದ್ಯೋಗಿಯಾಗಿ.

ಪುಣೆಯ ಗೆಳೆಯರೇ, ಬಿಟ್ಟ ಡಿಸೈನ್ ಎಲ್ಲಾ ಹೀಗೆ ಮರಳಿ ಬರುತ್ತೆ ಅಂತ ನಾನು ಹೇಳಲ್ಲ. ನನ್ನದು ಬರಲಿಲ್ಲ. ಆದ್ರೆ 2008ರಲ್ಲಿ ಯಾರೂ ತಪ್ಪಿರಲಿಲ್ಲ, ಅವರ ಮುಂದಿದ್ದ ಹಾರ್ಡ್‌ವೇರ್ ಬೇರೆ ಇತ್ತು, ಅಷ್ಟೇ. ನಿಮ್ಮ ಡಿಸೈನ್ ಯಾವ ಸಮಸ್ಯೆಗೆ ಸರಿ ಅಂತ ಒಂದು ಪುಟ ಬರೆದಿಡಿ. ಆ ಸಮಸ್ಯೆ ಬಂದ ದಿನ ಯಾರಾದ್ರೂ ಹುಡುಕ್ತಾರೆ. ಮುಂದಿನ ವಾರ ಸಿಗೋಣ.