ಆನ್‌ಲೈನ್ ಸಿಬಿಟಿ: ಹಾವೇರಿ ಜಿಲ್ಲೆಯ ತಾಲ್ಲೂಕುಗಳಲ್ಲಿ

ಆತಂಕ, ಖಿನ್ನತೆಗಳಿಗೆ ಅಂತರ್ಜಾಲದಲ್ಲಿ ಪಾಠಗಳ ರೂಪದಲ್ಲಿ ಹಂತಹಂತವಾಗಿ ಕೊಡುವ ಅರಿವಿನ ವರ್ತನಾ ಚಿಕಿತ್ಸೆಗೆ ಆನ್‌ಲೈನ್ ಸಿಬಿಟಿ ಎನ್ನುತ್ತಾರೆ. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರುಗಳಲ್ಲಿ ಇದರ ಇತಿಹಾಸ ದೂರಸಂಪರ್ಕದ ಮಾನಸಿಕ ಆರೋಗ್ಯ ಸೇವೆಗಳ ಇತಿಹಾಸದೊಡನೆ ಹೆಣೆದುಕೊಂಡಿದೆ.

ಹಿನ್ನೆಲೆ: 1960ರ ದಶಕದಲ್ಲಿ ಅಮೆರಿಕದ ಮನೋವೈದ್ಯ ಆರನ್ ಬೆಕ್ ಈ ಚಿಕಿತ್ಸೆಯ ಅಡಿಪಾಯ ಹಾಕಿದರು. ಬೆಳೆ ಹೋದಾಗ ‘ನಾನು ಯಾವುದಕ್ಕೂ ಬಾರದವ’ ಎಂದು ಮನಸ್ಸು ಕೊಡುವ ತೀರ್ಪನ್ನು ಬರೆದಿಟ್ಟು ಒರೆಗೆ ಹಚ್ಚುವುದು, ಕೈಬಿಟ್ಟ ಕೆಲಸಗಳನ್ನು ದಿನಚರಿಗೆ ಮರಳಿ ತರುವುದು, ಭಯದ ಸಂದರ್ಭವನ್ನು ಸ್ವಲ್ಪಸ್ವಲ್ಪವಾಗಿ ಎದುರಿಸುವುದು ಇದರ ಕ್ರಮ. ಆಸ್ಟ್ರೇಲಿಯಾದ ‘ಮೂಡ್‌ಜಿಮ್’ ಎಂಬ ಜಾಲತಾಣ 2001ರಲ್ಲಿ ಇದನ್ನು ಅಂತರ್ಜಾಲಕ್ಕೆ ತಂದಿತು.

ಸ್ಥಳೀಯ ಸೇವೆ: 1997ರಲ್ಲಿ ಹಾವೇರಿ ಜಿಲ್ಲೆಯಾಗುವವರೆಗೂ ಈ ತಾಲ್ಲೂಕುಗಳು ಧಾರವಾಡ ಜಿಲ್ಲೆಯಲ್ಲಿದ್ದವು. 1845ರಷ್ಟು ಹಳೆಯ ಧಾರವಾಡದ ಮಾನಸಿಕ ಆಸ್ಪತ್ರೆ, ಇಂದಿನ ಡಿಮ್ಹಾನ್ಸ್, ಈ ಭಾಗದ ಮುಖ್ಯ ಕೇಂದ್ರ. 2014ರಲ್ಲಿ ಆರಂಭವಾದ ರಾಜ್ಯದ ಮನೋಚೈತನ್ಯ ಕಾರ್ಯಕ್ರಮವು ಮಂಗಳವಾರಗಳಂದು ಮನೋವೈದ್ಯರ ಸೇವೆಯನ್ನು ತಾಲ್ಲೂಕು ಆಸ್ಪತ್ರೆಗಳಿಗೆ ಒಯ್ಯುವ ಉದ್ದೇಶ ಹೊಂದಿತ್ತು.

ಅಂಕಿಅಂಶಗಳ ಗೊಂದಲ: ಖಿನ್ನತೆಯಿಂದ ಬಳಲುವ ಸುಮಾರು 85% ಜನರಿಗೆ ಚಿಕಿತ್ಸೆ ಸಿಗುತ್ತಿಲ್ಲ ಎಂಬ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಅಂದಾಜನ್ನು ಜಿಲ್ಲೆಗಳಿಗೂ ಅನ್ವಯಿಸುವ ರೂಢಿಯಿದೆ. ಆದರೆ ಸಮೀಕ್ಷೆ ನಡೆದ 12 ರಾಜ್ಯಗಳಲ್ಲಿ ಕರ್ನಾಟಕವಿರಲಿಲ್ಲ. ರಾಜ್ಯದ ಕೋಲಾರದಲ್ಲಿ ನಡೆದದ್ದು ಆ ಸಮೀಕ್ಷೆಗೆ ಮುಂಚಿನ ಪ್ರಾಯೋಗಿಕ ಅಧ್ಯಯನ ಮಾತ್ರ. ಆದ್ದರಿಂದ 85%ರ ಅಂದಾಜನ್ನು ಹಾವೇರಿಯ ಅಂಕಿಯೆಂದು ಬಳಸುವುದು ತಪ್ಪು.

ಮೂರು ಬಗೆಗಳು: ಬೇರೆಬೇರೆಯಾದ ಮೂರು ಸೇವೆಗಳನ್ನು ಒಂದೆಂದು ಭಾವಿಸುವುದುಂಟು. ಮೊದಲನೆಯದು ದೂರಸಮಾಲೋಚನೆ: 2020ರ ಮಾರ್ಚ್ 25ರ ಟೆಲಿಮೆಡಿಸಿನ್ ಮಾರ್ಗಸೂಚಿ ವೈದ್ಯರ ಇಂಥ ಸಮಾಲೋಚನೆಗೆ ಸ್ಪಷ್ಟ ನಿಯಮ ಕೊಟ್ಟಿತು. ಎರಡನೆಯದು ಆಪ್ತಸಲಹೆ: 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್ ಸಹಾಯವಾಣಿಯ 14416 ಸಂಖ್ಯೆಗೆ ಕರೆ ಮಾಡಿದವರು ಕನ್ನಡದಲ್ಲೇ ಮಾತನಾಡಬಹುದು, ಅಗತ್ಯವಿದ್ದರೆ ಕರೆ ತಜ್ಞರಿಗೆ ಹೋಗುತ್ತದೆ. ಮೂರನೆಯದು ಮಾತ್ರ ಪಾಠಕ್ರಮದ ಸ್ವಸಹಾಯ. ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್‌ನಲ್ಲಿ ಸೀಮಾ ಮೆಹರೋತ್ರಾ ಅವರ ತಂಡ ರೂಪಿಸಿದ ‘ಪುಶ್-ಡಿ’ ಈ ಬಗೆಯದು. ಸೌಮ್ಯ ಹಾಗೂ ಮಧ್ಯಮ ಖಿನ್ನತೆಗೆಂದು ಸಿದ್ಧವಾದ ಅದು ಆರಂಭದಲ್ಲಿ ಇಂಗ್ಲಿಷ್ ಬಲ್ಲ ನಗರವಾಸಿಗಳನ್ನು ಉದ್ದೇಶಿಸಿತ್ತು. ಕನ್ನಡದಲ್ಲೇ ಓದಿ ಬರೆಯುವ ಹಿರೇಕೆರೂರಿನ ರೈತಕುಟುಂಬಕ್ಕೆ ಅದು ಎಟುಕುವಂತಿರಲಿಲ್ಲ.

ಮೌಲ್ಯಮಾಪನ: ಮಾರ್ಗದರ್ಶಕರ ನೆರವಿದ್ದಾಗ ಆನ್‌ಲೈನ್ ಸಿಬಿಟಿ ಹೆಚ್ಚು ಫಲಕಾರಿ ಎಂದು ಅಂತರರಾಷ್ಟ್ರೀಯ ಅಧ್ಯಯನಗಳು ತೋರಿಸಿವೆ. ತೀವ್ರ ಖಿನ್ನತೆ ಅಥವಾ ಆತ್ಮಹತ್ಯೆಯ ಯೋಚನೆ ಇರುವವರಿಗೆ ಸ್ವಸಹಾಯ ಸಾಲದು. ತಕ್ಷಣ ವೈದ್ಯರ ನೆರವು ಬೇಕು. ಹಾಗಾಗಿ ಸಂಪರ್ಕ ಸಿಕ್ಕಮಾತ್ರಕ್ಕೆ ಚಿಕಿತ್ಸೆ ಸಿಕ್ಕಿತೆಂದು ಲೆಕ್ಕ ಹಾಕಲಾಗದು. ಕನ್ನಡದ ಪಾಠಕ್ರಮ, ಅದನ್ನು ಮುಗಿಸುವತನಕ ಜೊತೆಗಿರುವ ಮಾರ್ಗದರ್ಶಕ, ಎರಡೂ ಬೇಕು.