ಗಡಿಯಿಂದ ಕಡತಕ್ಕೆ: ಕೇರಳ ವಿಧಾನಸಭೆಯಲ್ಲಿ ಮಂಜೇಶ್ವರ

ಕಾಸರಗೋಡು ಅಂದ ಕೂಡಲೇ ನಮ್ಮ ಚರ್ಚೆ ಏಕೀಕರಣ, ಮಹಾಜನ ವರದಿ, ಇಷ್ಟಕ್ಕೇ ನಿಂತುಬಿಡುತ್ತದೆ. ಇವತ್ತು ಅದನ್ನೇ ತಿರುವನಂತಪುರದ ವಿಧಾನಸಭೆಯ ಕಡೆಯಿಂದ ನೋಡೋಣ. ಅಲ್ಲಿಗೆ ಹೋದ ಮಂಜೇಶ್ವರದ ಶಾಸಕರ ಕೈಯಲ್ಲಿ ಏನಿತ್ತು, ಏನಿರಲಿಲ್ಲ?

1956ರ ನವೆಂಬರ್ 1ರಂದು ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದ ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿತು. 1957ರ ಮೊದಲ ಚುನಾವಣೆಯಲ್ಲಿ ಮಂಜೇಶ್ವರದಿಂದ ಪಕ್ಷೇತರರಾದ ಎಂ. ಉಮೇಶ ರಾವ್ ಅವಿರೋಧವಾಗಿ ಆಯ್ಕೆಯಾದರು. 1960ರಲ್ಲಿ ಗೆದ್ದವರು ಕರ್ನಾಟಕ ಸಮಿತಿಯ ಕಳ್ಳಿಗೆ ಮಹಾಬಲ ಭಂಡಾರಿ. ಆ ಗೆಲುವಿನ ಹಿಂದೆ ವಿಲೀನದ ಬೇಡಿಕೆ ಇತ್ತು. ಆದರೆ ನೋಡಿ, ಗಡಿ ಬದಲಾಯಿಸುವ ಅಧಿಕಾರ ಯಾವ ವಿಧಾನಸಭೆಗೂ ಇಲ್ಲ. ಸಂವಿಧಾನದ 3ನೇ ವಿಧಿ ಅದನ್ನು ಸಂಸತ್ತಿಗೆ ಕೊಟ್ಟಿದೆ. ರಾಜ್ಯದ ಸದನ ಅಭಿಪ್ರಾಯ ಹೇಳಬಹುದು, ಅಷ್ಟೇ. 1967ರಲ್ಲಿ ಮಹಾಜನ ಆಯೋಗ ಚಂದ್ರಗಿರಿ ಹೊಳೆಯ ಉತ್ತರದ ಪ್ರದೇಶ ಮೈಸೂರು ರಾಜ್ಯಕ್ಕೆ ಸೇರಲಿ ಎಂದಿತು. ಅದೂ ಜಾರಿಯಾಗಲಿಲ್ಲ. ಅಂದರೆ, ಯಾವ ಬೇಡಿಕೆಗಾಗಿ ಜನ ಶಾಸಕರನ್ನು ಕಳಿಸಿದರೋ ಅದನ್ನು ಈಡೇರಿಸುವ ಜಾಗ ಆ ಸದನ ಆಗಿರಲೇ ಇಲ್ಲ.

ಹಾಗಾದರೆ ಸದನದೊಳಗೆ ಕನ್ನಡಕ್ಕೆ ಇರುವ ಜಾಗ ಎಷ್ಟು? 210ನೇ ವಿಧಿಯ ಪ್ರಕಾರ ಸದನದ ವ್ಯವಹಾರ ರಾಜ್ಯದ ಅಧಿಕೃತ ಭಾಷೆಯಲ್ಲಿ, ಇಲ್ಲವೇ ಹಿಂದಿ ಅಥವಾ ಇಂಗ್ಲಿಷಿನಲ್ಲಿ ನಡೆಯಬೇಕು. ಈ ಭಾಷೆಗಳಲ್ಲಿ ಸರಿಯಾಗಿ ಹೇಳಲಾಗದ ಸದಸ್ಯರಿಗೆ ಮಾತೃಭಾಷೆಯಲ್ಲಿ ಮಾತಾಡಲು ಸ್ಪೀಕರ್ ಅನುಮತಿ ಕೊಡಬಹುದು. ಇಲ್ಲೇ ಒಂದು ತೊಡಕು. ಇದು ಹಕ್ಕಲ್ಲ, ಅಸಾಮರ್ಥ್ಯಕ್ಕೆ ಕೊಟ್ಟ ರಿಯಾಯಿತಿ. ಮಲಯಾಳ ಚೆನ್ನಾಗಿ ಬರುವ ಗಡಿನಾಡಿನ ಶಾಸಕರಿಗೆ ಈ ಬಾಗಿಲು ತೆರೆಯೋದೇ ಕಷ್ಟ.

ಪ್ರಮಾಣವಚನದ ಕಥೆ ಬೇರೆ. 2016ರಲ್ಲಿ ಪಿ.ಬಿ. ಅಬ್ದುಲ್ ರಝಾಕ್, 2021ರಲ್ಲಿ ಎ.ಕೆ.ಎಂ. ಅಶ್ರಫ್ ಕನ್ನಡದಲ್ಲೇ ಪ್ರಮಾಣವಚನ ಸ್ವೀಕರಿಸಿದರು. ಇಬ್ಬರೂ ಮುಸ್ಲಿಂ ಲೀಗಿನವರು. ಕನ್ನಡ ಅಲ್ಲಿ ಒಂದೇ ಸಮುದಾಯದ, ಒಂದೇ ಪಕ್ಷದ ಸೊತ್ತಲ್ಲ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ? 2016ರಲ್ಲಿ ರಝಾಕ್ ಗೆದ್ದಿದ್ದು ಬರೀ 89 ಮತಗಳಿಂದ. ಅಂಥ ಕ್ಷೇತ್ರದಲ್ಲಿ ಕನ್ನಡ ಮತದಾರರನ್ನು ಯಾವ ಪಕ್ಷವೂ ಕಡೆಗಣಿಸುವಂತಿಲ್ಲ.

ಆದರೆ ಪ್ರಮಾಣವಚನ ಒಂದು ನಿಮಿಷದ್ದು. ಜನರ ದಿನನಿತ್ಯದ ಬದುಕಿಗೆ ತಾಗುವುದು ಅದೇ ಸದನದಲ್ಲಿ ಹುಟ್ಟಿದ 1969ರ ಅಧಿಕೃತ ಭಾಷಾ ಕಾಯ್ದೆ ಮತ್ತು ಅದರ ತಿದ್ದುಪಡಿ. ಕನ್ನಡ, ತಮಿಳು ಅಲ್ಪಸಂಖ್ಯಾತರು ಸೆಕ್ರೆಟರಿಯೇಟಿನ ಜೊತೆಗೂ ಭಾಷಾ ಅಲ್ಪಸಂಖ್ಯಾತ ಪ್ರದೇಶದ ಸ್ಥಳೀಯ ಕಚೇರಿಗಳ ಜೊತೆಗೂ ತಮ್ಮ ಭಾಷೆಯಲ್ಲೇ ಪತ್ರ ವ್ಯವಹಾರ ಮಾಡಬಹುದು ಎಂದು ಅದು ಹೇಳುತ್ತದೆ. ಈ ಕಾನೂನು ವಿಲೇಜ್ ಆಫೀಸಿನ ಮೇಜಿನ ಮೇಲೆ ಎಷ್ಟು ಬದುಕಿದೆ ಎಂದು ಸರ್ಕಾರವನ್ನು ಕೇಳಲು ಶಾಸಕರಿಗೆ ಪ್ರಶ್ನೋತ್ತರ ವೇಳೆ ಇದೆ, ಸಮಿತಿಗಳಿವೆ. ಕನ್ನಡ ಶಾಲೆಗೆ ಕನ್ನಡ ಬಾರದ ಶಿಕ್ಷಕರನ್ನು ನೇಮಿಸಿದಾಗಲೂ ಅಷ್ಟೇ.

ಆದ್ದರಿಂದ ನನ್ನ ವಾದ ಇಷ್ಟು. ಗಡಿಯ ಪ್ರಶ್ನೆಗೆ ಆ ಸದನದಲ್ಲಿ ಉತ್ತರ ಇರಲಿಲ್ಲ, ಕಡತದ ಪ್ರಶ್ನೆಗೆ ಇದೆ. ಗಡಿನಾಡ ಕನ್ನಡಿಗರ ಚರಿತ್ರೆ ಬರೆಯುವ ನಾವು ಚಳವಳಿಯ ಕರಪತ್ರಗಳ ಜೊತೆಗೆ ಕೇರಳ ವಿಧಾನಸಭೆಯ ನಡಾವಳಿಗಳನ್ನೂ ಓದಬೇಕು. ಅದಕ್ಕೆ ಮಲಯಾಳ ಕಲಿಯಬೇಕಾಗುತ್ತದೆ. ಕಲಿಯೋಣ.