ಸಂತ ಅಗಸ್ಟೀನನ ಆತ್ಮಶೋಧನೆ

ಕ್ರೈಸ್ತ ಧರ್ಮದ ಇತಿಹಾಸದಲ್ಲಿ ಪಾಪ ಹಾಗೂ ಮುಕ್ತಿಗಳ ವಿಚಾರವನ್ನು ತನ್ನ ಬಾಳನ್ನೇ ಒರೆಗಲ್ಲಾಗಿಸಿ ಪರೀಕ್ಷಿಸಿದವರಲ್ಲಿ ಸಂತ ಅಗಸ್ಟೀನನು ಅಗ್ರಗಣ್ಯನು. ಬಿಷಪ್ಪನಾಗುವ ಮೊದಲು ಆತನು ನಮ್ಮಂತೆಯೇ ಉಪಾಧ್ಯಾಯನಾಗಿದ್ದನೆಂಬುದು ಶಿಕ್ಷಕ ಬಂಧುಗಳ ಲಕ್ಷ್ಯಕ್ಕೆ ಬರಬೇಕಾದ ಸಂಗತಿ.

ಕ್ರಿ. ಶ. 354ರಲ್ಲಿ ಉತ್ತರ ಆಫ್ರಿಕದ ತಗಾಸ್ತೆಯಲ್ಲಿ, ಎಂದರೆ ಇಂದಿನ ಅಲ್ಜೀರಿಯದ ಸೂಕ್ ಅಹ್ರಾಸಿನಲ್ಲಿ, ಆತನ ಜನನವಾಯಿತು. ತಾಯಿ ಮೋನಿಕಾ ಕ್ರೈಸ್ತ ಭಕ್ತೆ. ತಗಾಸ್ತೆ, ಕಾರ್ಥೇಜ್, ರೋಮ್, ಮಿಲಾನ್‌ಗಳಲ್ಲಿ ಆತನು ಪಾಠ ಹೇಳಿದನು. ಕಾರ್ಥೇಜಿನ ವಿದ್ಯಾರ್ಥಿಗಳ ಪುಂಡಾಟಕ್ಕೆ ಬೇಸತ್ತು ರೋಮಿಗೆ ಹೋದರೆ, ಅಲ್ಲಿಯ ವಿದ್ಯಾರ್ಥಿಗಳು ಶುಲ್ಕ ತೆರುವ ಹೊತ್ತಿಗೆ ಬೇರೊಬ್ಬ ಗುರುವನ್ನು ಸೇರಿಬಿಡುತ್ತಿದ್ದರಂತೆ!

ತಾರುಣ್ಯದಲ್ಲಿ ಸುಮಾರು ಒಂಬತ್ತು ವರ್ಷ ಆತನು ಮಾನಿಯ ಪಂಥವನ್ನು ಅನುಸರಿಸಿದನು. ಬೆಳಕು-ಕತ್ತಲೆಗಳೆಂಬ ಎರಡು ತತ್ತ್ವಗಳನ್ನು ಒಪ್ಪಿದ ಈ ಮತದಲ್ಲಿ ಕೆಡುಕು ಮನುಷ್ಯನೊಳಗೆ ಹೊಕ್ಕ ಪರಶಕ್ತಿ. ಆದ್ದರಿಂದ ತಪ್ಪು ಮಾಡಿದವನು ತಾನಲ್ಲವೆಂಬ ಸಮಾಧಾನ ಸುಲಭವಾಗಿ ದೊರೆಯುತ್ತಿತ್ತು. ಆ ಸಮಾಧಾನವನ್ನು ಕಳೆದುಕೊಂಡುದೇ ಅಗಸ್ಟೀನನ ಆತ್ಮಶೋಧನೆಯ ಆರಂಭವೆನ್ನಬಹುದು. 386ರಲ್ಲಿ ಮಿಲಾನಿನ ತೋಟವೊಂದರಲ್ಲಿ ಸಂತ ಪೌಲನ ಪತ್ರವನ್ನು ಓದಿ ಆತನ ಮನಸ್ಸು ತಿರುಗಿತು. 387ರ ಈಸ್ಟರ್ ಹಬ್ಬದಲ್ಲಿ ಬಿಷಪ್ ಆಂಬ್ರೋಸನಿಂದ ದೀಕ್ಷಾಸ್ನಾನವಾಯಿತು.

ಸುಮಾರು 397ರಿಂದ ಬರೆದ ‘ಕನ್ಫೆಷನ್ಸ್’ ಎಂಬ ಹದಿಮೂರು ಭಾಗಗಳ ಗ್ರಂಥದಲ್ಲಿ ಆತನು ಹದಿನಾರರ ಹರೆಯದ ಒಂದು ಕಳ್ಳತನವನ್ನು ವಿಚಾರಿಸುತ್ತಾನೆ. ಗೆಳೆಯರೊಡನೆ ನೆರೆಯ ಪೇರುಮರವನ್ನು ಬರಿದುಮಾಡಿ, ಹಣ್ಣುಗಳನ್ನು ಬಹುಮಟ್ಟಿಗೆ ಹಂದಿಗಳಿಗೆ ಎಸೆದದ್ದು ಆ ಘಟನೆ. ಹಸಿವಿರಲಿಲ್ಲ, ತನ್ನಲ್ಲಿ ಇನ್ನೂ ಒಳ್ಳೆಯ ಹಣ್ಣುಗಳಿದ್ದುವು. ಹಾಗಾದರೆ ಕದ್ದದ್ದೇಕೆ? ಕೆಡುಕೇ ರುಚಿಸಿತ್ತು ಎಂಬುದು ಆತನು ಕಂಡ ಉತ್ತರ. ರೋಗ ತಗುಲಿರುವುದು ಸಂಕಲ್ಪಕ್ಕೇ. ರೋಗಿಷ್ಠ ಸಂಕಲ್ಪವು ತನ್ನನ್ನು ತಾನೇ ಗುಣಪಡಿಸಲಾರದು. ಆದುದರಿಂದ ದೇವರ ಕೃಪೆಯಿಲ್ಲದೆ ಮುಕ್ತಿಯಿಲ್ಲ. ಆತನ ವಾದಸರಣಿ ಇದು.

ಬ್ರಿಟನ್ ಮೂಲದ ಪೆಲಾಜಿಯಸನು ಇದನ್ನು ಒಪ್ಪಲಿಲ್ಲ. ಮನುಷ್ಯನಿಗೆ ಒಳ್ಳೆಯವನಾಗುವ ಸಾಮರ್ಥ್ಯವಿಲ್ಲದಿದ್ದರೆ ದೇವರ ಆಜ್ಞೆಗೆ ಅರ್ಥವೇನು ಎಂಬುದು ಆತನ ಪಕ್ಷ. 418ರ ಕಾರ್ಥೇಜ್ ಸಭೆ ಪೆಲಾಜಿಯಸನ ಬೋಧೆಯನ್ನು ಖಂಡಿಸಿತು. ಆದರೂ ಪ್ರಶ್ನೆ ಮುಗಿಯಲಿಲ್ಲ; ಅಗಸ್ಟೀನನ ಹೆಸರಿನ ಸಂನ್ಯಾಸಿ ಸಂಘಕ್ಕೆ ಸೇರಿದ್ದ ಮಾರ್ಟಿನ್ ಲೂಥರನು ಹದಿನಾರನೆಯ ಶತಮಾನದಲ್ಲಿ ಅದನ್ನೇ ಮತ್ತೆ ಎತ್ತಿದನು.

ಅಗಸ್ಟೀನನ ಬಾಳಿನ ಇನ್ನೊಂದು ಮುಖವನ್ನೂ ಮರೆಯಲಾಗದು. ದಾದಿಯರ ಮುದ್ದಿನ ನಡುವೆ ಲ್ಯಾಟಿನ್ ತಾನಾಗಿಯೇ ಬಂದಿತು, ಬೆದರಿಕೆ-ಶಿಕ್ಷೆಗಳಿಂದ ಕಲಿಸಿದ ಗ್ರೀಕ್ ಒಲಿಯಲಿಲ್ಲ ಎಂದು ಬರೆದವನು ಆತನೇ. ಕಲಿಕೆಗೆ ಭಯಕ್ಕಿಂತ ಸ್ವಚ್ಛಂದ ಕುತೂಹಲವೇ ಮೇಲೆಂದು ಕಂಡುಕೊಂಡವನು, ಭಯಕ್ಕೂ ದೇವರ ಯೋಜನೆಯಲ್ಲಿ ಸ್ಥಾನವುಂಟೆಂದು ಸೇರಿಸಿದನು. ಮುಂದೆ ಡೊನಾಟಿಸ್ಟ್ ಪಂಥದವರನ್ನು ರಾಜಾಜ್ಞೆಯ ಬಲದಿಂದ ಸಭೆಗೆ ಸೇರಿಸುವುದನ್ನು ಸಮರ್ಥಿಸಿದನು. ತನಗೆ ವರ್ಷಗಟ್ಟಲೆ ಅಲೆದು ಒಳಗಿನಿಂದ ದೊರೆತುದನ್ನು ಪರರಿಗೆ ಹೊರಗಿನ ಒತ್ತಾಯದಿಂದ ಕೊಡಲು ಒಪ್ಪಿದನು.

430ರಲ್ಲಿ, ವ್ಯಾಂಡಲರು ಹಿಪ್ಪೋ ನಗರವನ್ನು ಮುತ್ತಿದ್ದಾಗ, ಆತನು ತೀರಿಕೊಂಡನು. ಪಾಪವನ್ನು ಮೊದಲು ತನ್ನಲ್ಲಿ ಹುಡುಕಬೇಕೆಂಬುದು ಆತನ ಬಾಳಿನ ಪಾಠವಾದರೆ, ಹಾಗೆ ಹುಡುಕಿದವನಿಗೂ ಅಧಿಕಾರ ದೊರೆತಾಗ ಎಚ್ಚರ ತಪ್ಪಬಹುದೆಂಬುದು ಆತನ ಇತಿಹಾಸದ ಪಾಠ. ಬೆತ್ತವನ್ನೂ ಪುಸ್ತಕವನ್ನೂ ಕೈಯಲ್ಲಿ ಹಿಡಿದು ಬಂದ ನಮ್ಮ ವೃತ್ತಿಗೆ ಇವೆರಡೂ ಸಲ್ಲುತ್ತವೆ.